ಟ್ರ್ಯಾಕ್ಟರ್ ಕೊಳ್ಳುವ ಮುನ್ನ ಕಬ್ಬಿಣದ ನೇಗಿಲಿನ ಕಥೆ ಕೇಳಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಯಾವ ಊರಿಗೆ ಹೋದರೂ ಕಟ್ಟೆಯ ಮೇಲೆ ಕುಳಿತವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. ಎಲ್ಲಕ್ಕಿಂತ ಒಳ್ಳೆಯ ಟ್ರ್ಯಾಕ್ಟರ್ ಯಾವುದು? ಅಶ್ವಶಕ್ತಿ ಎಷ್ಟು, ಗಂಟೆಗೆ ಡೀಸೆಲ್ ಎಷ್ಟು ಕುಡಿಯುತ್ತದೆ ಎಂದು ವಾದ ನಡೆಯುತ್ತದೆ. ಉತ್ತರ ಹೇಳುವ ಮೊದಲು, ಟ್ರ್ಯಾಕ್ಟರಿಗೆ ಬದಲು ನೇಗಿಲು ತಯಾರಿಸಿ ಹೆಸರು ಪಡೆದ ಒಬ್ಬರ ಜೀವನವನ್ನು ನಿಮ್ಮ ಮುಂದಿಡುತ್ತೇನೆ. ಅವರೇ ಲಕ್ಷ್ಮಣರಾವ್ ಕಿರ್ಲೋಸ್ಕರ್.

ಲಕ್ಷ್ಮಣರಾಯರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿಕ್ಕಂದಿನಲ್ಲಿ ಅವರ ಮನಸ್ಸೆಲ್ಲ ಚಿತ್ರ ಬರೆಯುವುದರಲ್ಲಿ ಮತ್ತು ಯಂತ್ರಗಳಲ್ಲಿ. ಚಿತ್ರಕಲೆ ಕಲಿಯಲು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಆದರೆ ಕೆಲವು ಬಣ್ಣಗಳ ಭೇದ ಅವರ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಬಣ್ಣದ ದಾರಿ ಮುಚ್ಚಿದಾಗ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಉಪಾಧ್ಯಾಯರಾದರು. ಅಲ್ಲಿ ತಮಗೆ ಬರಬೇಕಾದ ಬಡ್ತಿ ಬೇರೆಯವರ ಪಾಲಾದಾಗ ಆ ನೌಕರಿಯನ್ನು ಬಿಟ್ಟು ಬೆಳಗಾವಿಗೆ ಬಂದರು.

ಬೆಳಗಾವಿಯಲ್ಲಿ ಅಣ್ಣ ರಾಮಚಂದ್ರರಾಯರ ಜೊತೆಗೆ ಅವರಿಗೆ 1888ರಲ್ಲಿ ಆರಂಭವಾಗಿದ್ದ ಸೈಕಲ್ ಅಂಗಡಿಯಿತ್ತು. ಸೈಕಲ್ ಮಾರುತ್ತ, ರಿಪೇರಿ ಮಾಡುತ್ತ ಇದ್ದ ಆ ಕೈಗಳು ರೈತನ ಕಡೆಗೆ ತಿರುಗಿದವು. ಮೊದಲು ಮೇವು ಕತ್ತರಿಸುವ ಯಂತ್ರ, ಅನಂತರ 1903ರಲ್ಲಿ ಕಬ್ಬಿಣದ ನೇಗಿಲು.

ಈ ನೇಗಿಲಿನಿಂದ ಏನು ಪ್ರಯೋಜನ ಎಂಬುದನ್ನು ನೀವು ಬಲ್ಲಿರಿ. ಮರದ ನೇಗಿಲು ಮಣ್ಣನ್ನು ಸೀಳುತ್ತದೆ, ಮಗುಚುವುದಿಲ್ಲ. ಎರಡು ಸಾಲುಗಳ ನಡುವೆ ಉಳದ ಮಣ್ಣು ಹಾಗೆಯೇ ಉಳಿಯುತ್ತದೆ. ರೆಕ್ಕೆಯುಳ್ಳ ಕಬ್ಬಿಣದ ನೇಗಿಲು ಮಣ್ಣಿನ ಹೆಂಟೆಯನ್ನು ಕತ್ತರಿಸಿ ಮಗುಚಿ ಹಾಕುತ್ತದೆ. ಕೂಳೆ, ಕಸ ಕೆಳಗೆ ಹೋಗಿ ಕೊಳೆಯುತ್ತವೆ. ಕರಿಕೆಯ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ.

ಆದರೆ 1903ರ ರೈತ ಇದನ್ನು ಕೊಳ್ಳಲಿಲ್ಲ. ಕಬ್ಬಿಣ ತಗುಲಿದರೆ ಭೂತಾಯಿಗೆ ವಿಷವೇರುತ್ತದೆ, ಬೆಳೆ ಬರುವುದಿಲ್ಲ ಎಂಬ ಭಯ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಹಾಕಿದ ಬಂಡವಾಳವೆಲ್ಲ ಕಬ್ಬಿಣವಾಗಿ ಕೋಣೆಯಲ್ಲಿ ಬಿದ್ದಿರುವಾಗ ಎರಡು ವರ್ಷ ಕಾಯುವುದೆಂದರೆ ಏನೆಂದು ಬೆಲೆ ಬಾರದ ಈರುಳ್ಳಿಯನ್ನು ಕೂಡಿಟ್ಟ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಭಯವನ್ನು ಮೌಢ್ಯವೆಂದು ನಗಬೇಡಿ. ಮರದ ನೇಗಿಲು ಮುರಿದರೆ ಊರ ಬಡಿಗೇರನಿದ್ದ, ಕುಳ ಸವೆದರೆ ಕಂಬಾರನಿದ್ದ. ಎರಕದ ಕಬ್ಬಿಣ ಹಾಗಲ್ಲ. ಕಲ್ಲಿಗೆ ಬಡಿದು ಸೀಳಿದರೆ ಕಂಬಾರನ ಕುಲುಮೆಯಲ್ಲಿ ಕಾಯಿಸಿ ಬಡಿದು ಕೂಡಿಸಲು ಬರುವುದಿಲ್ಲ, ಹೊಸ ಭಾಗವನ್ನೇ ತರಬೇಕು. ಆ ಭಾಗ ಹಡಗಿನಲ್ಲಿ ವಿಲಾಯತಿಯಿಂದ ಬರಬೇಕಾದರೆ ಬಿತ್ತನೆಯ ಹದ ಕಾಯುತ್ತದೆಯೇ? ನೇಗಿಲನ್ನು ನಮ್ಮ ನೆಲದಲ್ಲೇ ಎರಕ ಹೊಯ್ಯುವುದರ ಬೆಲೆ ಇಲ್ಲಿದೆ.

ನೇಗಿಲು ನಿಧಾನವಾಗಿ ರೈತರ ಕೈ ಸೇರುತ್ತಿದ್ದ ಹೊತ್ತಿಗೆ ಇನ್ನೊಂದು ಪೆಟ್ಟು ಬಿತ್ತು. ಬೆಳಗಾವಿಯಲ್ಲಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕಾಯಿತು. ಎಲ್ಲಿಗೆ ಹೋಗುವುದೆಂದು ತಿಳಿಯದಾದಾಗ ಔಂಧ್ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಮೀನನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಆ ಜಮೀನಾದರೂ ಎಂಥದು? ಪಾಪಾಸುಕಳ್ಳಿ ಬೆಳೆದು ಹಾವುಗಳು ಓಡಾಡುತ್ತಿದ್ದ ಬರಡು. 1910ರ ಮಾರ್ಚಿಯಲ್ಲಿ ಕೆಲಸಗಾರರೊಂದಿಗೆ ಅಲ್ಲಿಗೆ ಹೋಗಿ, ಕಳ್ಳಿ ಕಡಿದು ಊರನ್ನೇ ಕಟ್ಟಿದರು. ಅದೇ ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ. ಆ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆ ಕೊಡದಿದ್ದುದು ಅವರ ದೊಡ್ಡತನ.

1914ರಿಂದ 1918ರವರೆಗಿನ ಮೊದಲನೆಯ ಮಹಾಯುದ್ಧದಲ್ಲಿ ಬೀಡು ಕಬ್ಬಿಣ ಮತ್ತು ಕಲ್ಲಿದ್ದಲು ಸಿಗುವುದೇ ದುರ್ಲಭವಾಯಿತು. ಆದರೂ ಕಾರ್ಖಾನೆ ತಡೆದುಕೊಂಡು ನಿಂತಿತು. 1920ರಲ್ಲಿ ಅದು ಕಿರ್ಲೋಸ್ಕರ್ ಬ್ರದರ್ಸ್ ಕಂಪನಿಯಾಗಿ ನೋಂದಣಿಯಾಯಿತು. ನೇಗಿಲಿನ ಬೆನ್ನಿಗೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪು ಬಂದವು. ನಮ್ಮ ಮಸಾರಿ ಹೊಲಗಳಲ್ಲಿ ಶೇಂಗಾ ಬೆಳೆಯುವವರು ಬೀಜ ಸುಲಿಯಲು ಎಷ್ಟು ಹೆಣ್ಣಾಳು ಬೇಕೆಂಬುದನ್ನು ನೆನೆದರೆ ಆ ಯಂತ್ರದ ಉಪಕಾರ ತಿಳಿಯುತ್ತದೆ. 1941ರಲ್ಲಿ ಈ ಮನೆತನದ ಉದ್ಯಮ ನಮ್ಮ ಹರಪನಹಳ್ಳಿಗೆ ಹತ್ತಿರದ ಹರಿಹರಕ್ಕೂ ಬಂತು. ಲೇತ್ ಯಂತ್ರ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗಿಲ್ಲವಾದರೂ ಹಿರಿಯರಿಗೆ ಅದರ ನೆನಪಿದೆ. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅವರ ಜನ್ಮಶತಮಾನೋತ್ಸವದ 1969ರಲ್ಲಿ ಸರ್ಕಾರ ಅವರ ಚಿತ್ರವಿರುವ ಅಂಚೆ ಚೀಟಿಯನ್ನು ಹೊರಡಿಸಿತು.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಒಬ್ಬ ರೈತರು ಎತ್ತುಗಳನ್ನು ಮಾರಿ ಆ ಹಣವನ್ನು ಮುಂಗಡ ಕಟ್ಟಿ ದೊಡ್ಡ ಟ್ರ್ಯಾಕ್ಟರ್ ತಂದರು. ಮುಂಗಾರಿನಲ್ಲಿ ಒಳ್ಳೆಯ ಮಳೆ ಬಿದ್ದು ಹೊಲ ಹದಕ್ಕೆ ಬಂದ ದಿನವೇ ಅದರ ಹಿಂದಿನ ಎತ್ತುಗೈ ಮೇಲೇಳದಾಯಿತು. ಬೇಕಾಗಿದ್ದದ್ದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಭಾಗ. ಅದು ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ಹದ ಆರಿತ್ತು. ಕೊನೆಗೆ ಬೀಗರ ಊರಿನಿಂದ ಜೋಡೆತ್ತು ತಂದು ಅರ್ಧ ಹೊಲಕ್ಕೆ ಕೂರಿಗೆ ಹೂಡಿದರು. ಕಂತು ಮಾತ್ರ ಪೂರ್ತಿ ಕಟ್ಟಬೇಕಾಯಿತು. ಆ ಟ್ರ್ಯಾಕ್ಟರಿಗೆ ಶಕ್ತಿಯ ಕೊರತೆಯಿರಲಿಲ್ಲ.

ಆ ಎತ್ತುಗೈಗೂ ಒಂದು ಕಥೆಯಿದೆ. ಮೊದಲ ಟ್ರ್ಯಾಕ್ಟರುಗಳು ನೇಗಿಲನ್ನು ಎತ್ತಿನ ಹಾಗೆ ಹಿಂದೆ ಎಳೆಯುತ್ತಿದ್ದವು. ನೇಗಿಲು ಕಲ್ಲಿಗೆ ಸಿಕ್ಕಿದರೆ ಮುಂಗಾಲಿ ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಚಾಲಕರು ಸತ್ತದ್ದುಂಟು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಎಂಬುವರು ಮೂರು ತೋಳುಗಳಿಂದ ನೇಗಿಲನ್ನು ಟ್ರ್ಯಾಕ್ಟರಿನ ಅಂಗವನ್ನಾಗಿ ಮಾಡಿ, ಎಣ್ಣೆಯ ಒತ್ತಡದಿಂದ ಅದನ್ನು ಎತ್ತಿ ಇಳಿಸುವ ಉಪಾಯ ಕಂಡುಹಿಡಿದರು. 1939ರಲ್ಲಿ ಅದು ಫೋರ್ಡ್ ಕಾರ್ಖಾನೆಯ ಟ್ರ್ಯಾಕ್ಟರಿನಲ್ಲಿ ಬಂತು. ಇಂದು ನಿಮ್ಮೂರಿನ ಟ್ರ್ಯಾಕ್ಟರುಗಳ ಹಿಂದೆ ಕಾಣುವ ಮೂರು ತೋಳು ಅದೇ. ಬೆಳಗಾವಿಯ ಸೈಕಲ್ ಅಂಗಡಿಯವರಾಗಲಿ, ಐರ್ಲೆಂಡಿನ ಮೆಕ್ಯಾನಿಕ್ ಆಗಲಿ, ಇಬ್ಬರೂ ಮೊದಲು ನೋಡಿದ್ದು ಮಣ್ಣಿಗೆ ತಾಗುವ ನೇಗಿಲನ್ನು.

ಆದ್ದರಿಂದ ಟ್ರ್ಯಾಕ್ಟರ್ ಕೊಳ್ಳುವ ಮುನ್ನ ಮೂರು ಮಾತು ವಿಚಾರಿಸಿರಿ.

ಮೊದಲನೆಯದು, ಅದು ಎಳೆಯುವ ಸಾಧನ ನಿಮ್ಮ ಮಣ್ಣಿಗೆ ಹೊಂದುತ್ತದೆಯೇ? ಆಳವಾದ ಎರೆ ಭೂಮಿಯಲ್ಲಿ ಕಸ ಬಲಿತಾಗ ರೆಕ್ಕೆ ನೇಗಿಲು ಸರಿ. ಗರಸು ಮೇಲೇ ಇರುವ ತೆಳು ಮಸಾರಿಯನ್ನು ಪ್ರತಿವರ್ಷ ಆಳವಾಗಿ ಮಗುಚಿದರೆ ಗರಸು ಮೇಲೆ ಬಂದು ಹೊಲ ಕೆಡುತ್ತದೆ. ರೋಟವೇಟರನ್ನು ಮೇಲಿಂದ ಮೇಲೆ ಹೊಡೆದು ಮಣ್ಣನ್ನು ಹಿಟ್ಟು ಮಾಡಿದರೆ ಮಳೆ ಬಿದ್ದೊಡನೆ ಹೆಪ್ಪುಗಟ್ಟಿ ಮೊಳಕೆ ಮೇಲೆ ಬರಲಾರದು. ಯಾವುದೇ ಸಾಧನವಿರಲಿ, ಇಳಿಜಾರಿಗೆ ಅಡ್ಡಲಾಗಿ ಉಳಬೇಕು.

ಎರಡನೆಯದು, ಕೆಟ್ಟರೆ ಬಿಡಿಭಾಗ ಎಷ್ಟು ದೂರದಲ್ಲಿದೆ, ರಿಪೇರಿ ಮಾಡುವವರು ಎಷ್ಟು ಹೊತ್ತಿಗೆ ಹೊಲಕ್ಕೆ ಬರುತ್ತಾರೆ? ಅಂಗಡಿಯವರನ್ನು ಮಾತ್ರವಲ್ಲ, ಅದೇ ಟ್ರ್ಯಾಕ್ಟರನ್ನು ಮೂರು ವರ್ಷ ನಡೆಸಿದ ಪಕ್ಕದೂರಿನ ರೈತರನ್ನು ಕೇಳಿರಿ.

ಮೂರನೆಯದು, ವರ್ಷಕ್ಕೆ ಎಷ್ಟು ದಿನ ಅದಕ್ಕೆ ಕೆಲಸವಿದೆ? ಐದಾರು ಎಕರೆ ಒಣಭೂಮಿಯವರು ಲೆಕ್ಕ ಹಾಕಿದರೆ, ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರುವುದು ಅಥವಾ ನಾಲ್ಕಾರು ಮಂದಿ ಕೂಡಿ ಕೊಳ್ಳುವುದು ಲಾಭವೆಂದು ತಿಳಿಯುತ್ತದೆ. ಜೋಡೆತ್ತುಗಳನ್ನು ಮಾರುವ ಅವಸರ ಬೇಡ.

ಹೊಸದನ್ನು ಕಂಡು ಎರಡು ವರ್ಷ ಹಿಂಜರಿದ ಅಂದಿನ ರೈತನಂತೆ ಹೆದರಬೇಕಾಗಿಲ್ಲ. ಆದರೆ ಆತ ನೇಗಿಲನ್ನು ಒರೆಗೆ ಹಚ್ಚಿ ನೋಡಿಯೇ ಕೊಂಡ. ಹದ ಬಂದ ದಿನ ನಿಮ್ಮ ಹೊಲದಲ್ಲಿ ನಿಲ್ಲದೆ ನಡೆಯುವುದೇ ದೊಡ್ಡ ಟ್ರ್ಯಾಕ್ಟರ್. ಈ ಮುಂಗಾರಿಗೆ ಮೊದಲು ಮನೆಯವರೊಂದಿಗೆ ಕುಳಿತು ಲೆಕ್ಕ ಮಾಡಿರಿ.