ಬೇಡಿ ಪಡೆದ ಪೌರತ್ವ: ವಲಸಿಗರ ಪಾಲಕಿ ಸಂತ ಕಬ್ರೀನಿ

ಪೌರತ್ವವು ನಮ್ಮಲ್ಲಿ ಬಹುಮಂದಿಗೆ ಹುಟ್ಟಿನೊಡನೆಯೇ ಬಂದುದು. ಕೇಳದೆ ದೊರೆತ ವಸ್ತುವಿನ ಬೆಲೆಯನ್ನು ನಾವು ಅಷ್ಟಾಗಿ ಎಣಿಸುವುದಿಲ್ಲ. ಪರದೇಶದಲ್ಲಿ ನೆಲೆಸಿ, ಅರ್ಜಿ ಸಲ್ಲಿಸಿ, ನ್ಯಾಯಾಲಯದಲ್ಲಿ ಪ್ರಮಾಣವಚನ ಸ್ವೀಕರಿಸಿ ಅದನ್ನು ಪಡೆದವರಿಗೆ ಅದರ ಬೆಲೆ ಗೊತ್ತು. ಅಂತಹವರಲ್ಲಿ ಒಬ್ಬರು ನಮ್ಮ ಪವಿತ್ರ ಧರ್ಮಸಭೆಯ ಸಂತರ ಸಾಲಿಗೆ ಸೇರಿದ ಮಾತೆ ಫ್ರಾನ್ಸೆಸ್ ಕ್ಸೇವಿಯರ್ ಕಬ್ರೀನಿಯವರು.

ಅವರು 1850ರ ಜುಲೈ 15ರಂದು ಲೊಂಬಾರ್ಡಿ ಪ್ರಾಂತದ ಸಾಂತ್ ಆಂಜೆಲೊ ಲೋದಿಜಾನೊ ಎಂಬ ಊರಿನ ರೈತ ಮನೆತನದಲ್ಲಿ ಜನಿಸಿದರು. ಆ ಪ್ರಾಂತವು ಆಗ ಆಸ್ಟ್ರಿಯದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. 1859ರ ಯುದ್ಧದ ತರುವಾಯ ಅದು ಕೈಬದಲಾಗಿ, 1861ರಲ್ಲಿ ಸ್ಥಾಪಿತವಾದ ಇಟಲಿ ರಾಜ್ಯದ ಭಾಗವಾಯಿತು. ಹೀಗೆ ಬಾಲಕಿ ಕಬ್ರೀನಿ ಮನೆಯ ಹೊಸ್ತಿಲು ದಾಟದೆಯೇ ಒಬ್ಬ ಅರಸನ ಪ್ರಜೆಯಾಗಿದ್ದವರು ಮತ್ತೊಬ್ಬ ಅರಸನ ಪ್ರಜೆಯಾದರು. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ದೇಹದಲ್ಲಿ ಬಲವಿಲ್ಲದ ಕಾರಣ ಕನ್ಯಾಮಠದ ಬಾಗಿಲು ಅವರಿಗೆ ತೆರೆಯಲಿಲ್ಲ. ಅವರು ಎದೆಗುಂದದೆ ಶಿಕ್ಷಕಿಯಾಗಿಯೂ ಅನಾಥಾಲಯದ ಸೇವಕಿಯಾಗಿಯೂ ದುಡಿದರು. 1880ರಲ್ಲಿ ಕೊದೋಞ್ಯೊ ಊರಿನಲ್ಲಿ ಯೇಸುವಿನ ಪವಿತ್ರ ಹೃದಯದ ಧರ್ಮಪ್ರಚಾರಕ ಭಗಿನಿಯರ ಸಭೆಯನ್ನು ಸ್ಥಾಪಿಸಿದರು. ಗೋವೆಯಲ್ಲಿ ಯಾರ ಪವಿತ್ರ ಶರೀರವನ್ನು ನಾವು ಗೌರವಿಸುತ್ತೇವೆಯೋ ಆ ಸಂತ ಕ್ಸೇವಿಯರರ ಹೆಸರನ್ನು ತಮ್ಮ ಹೆಸರಿನೊಡನೆ ಸೇರಿಸಿಕೊಂಡರು. ಅವರಂತೆಯೇ ಪೂರ್ವದ ಚೀನಾ ದೇಶಕ್ಕೆ ಹೋಗಬೇಕೆಂಬುದು ಇವರ ಹಂಬಲ. ಆದರೆ ಜಗದ್ಗುರು 13ನೆಯ ಲಿಯೋರವರು ಅವರನ್ನು ಪಶ್ಚಿಮಕ್ಕೆ ಕಳುಹಿಸಿದರು. ಲಕ್ಷಾಂತರ ಬಡ ಇಟಾಲಿಯನ್ನರು ಅಂದು ಅಮೆರಿಕಕ್ಕೆ ವಲಸೆ ಹೋಗಿ ದಿಕ್ಕಿಲ್ಲದೆ ಬಳಲುತ್ತಿದ್ದರು.

1889ರ ಮಾರ್ಚ್ 31ರಂದು ಆರು ಮಂದಿ ಭಗಿನಿಯರೊಡನೆ ಮಾತೆ ಕಬ್ರೀನಿ ನ್ಯೂಯಾರ್ಕಿನಲ್ಲಿ ಇಳಿದಾಗ ಅವರಿಗಾಗಿ ಯಾವ ಮನೆಯೂ ಸಿದ್ಧವಿರಲಿಲ್ಲ. ಇಟಲಿಗೆ ಹಿಂದಿರುಗುವುದೇ ಲೇಸೆಂದು ಅಲ್ಲಿನ ಮಹಾಧರ್ಮಾಧ್ಯಕ್ಷರೇ ಸೂಚಿಸಿದರು. ಜಗದ್ಗುರುಗಳ ಆಜ್ಞೆಯಂತೆ ಬಂದಿರುವುದಾಗಿ ವಿನಯದಿಂದ ತಿಳಿಸಿ ಅವರು ಅಲ್ಲಿಯೇ ಉಳಿದರು. ವಲಸಿಗರ ಬಾಳು ಎಷ್ಟು ಅಭದ್ರವಾಗಿತ್ತೆಂದರೆ, 1891ರಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಉದ್ರಿಕ್ತ ಜನಜಂಗುಳಿಯು ಹನ್ನೊಂದು ಮಂದಿ ಇಟಾಲಿಯನ್ನರನ್ನು ಕೊಂದುಹಾಕಿತು. ಮರುವರ್ಷವೇ ಮಾತೆಯವರು ಆ ನಗರದಲ್ಲಿ ತಮ್ಮ ಸೇವೆಯನ್ನು ಆರಂಭಿಸಿದರು. ಬಾಲ್ಯದಿಂದ ನೀರಿಗೆ ಅಂಜುತ್ತಿದ್ದವರು ಹಲವಾರು ಬಾರಿ ಸಾಗರ ದಾಟಿ ಶಾಲೆ, ಅನಾಥಾಲಯ, ಆಸ್ಪತ್ರೆಗಳೆಂದು 67 ಸಂಸ್ಥೆಗಳನ್ನು ಕಟ್ಟಿದರು.

ಕಾಲಿಟ್ಟ ಇಪ್ಪತ್ತು ವರ್ಷಗಳ ಮೇಲೆ, 1909ರಲ್ಲಿ, ಸಿಯಾಟಲ್ ನಗರದಲ್ಲಿ ಅವರು ಅಮೆರಿಕದ ಪೌರತ್ವವನ್ನು ಪಡೆದರು. ಪರದೇಶೀಯರು ಹೀಗೆ ಅರ್ಜಿಯ ಮೂಲಕ ಗಳಿಸುವುದನ್ನು ಸಹಜೀಕೃತ ಪೌರತ್ವವೆನ್ನುತ್ತಾರೆ. ಅಲ್ಲಿನ 1906ರ ಕಾಯಿದೆಯಂತೆ ಅರ್ಜಿದಾರರು ಕನಿಷ್ಠ ಎರಡು ವರ್ಷ ಮೊದಲೇ ತಮ್ಮ ಸಂಕಲ್ಪವನ್ನು ಘೋಷಿಸಬೇಕಿತ್ತು. ಐದು ವರ್ಷ ಎಡೆಬಿಡದೆ ನೆಲೆಸಿರಬೇಕಿತ್ತು. ಇಂಗ್ಲಿಷ್ ಮಾತನಾಡಲು ಬಲ್ಲವರಾಗಿರಬೇಕಿತ್ತು. ತಮ್ಮ ನಡತೆಗೆ ಇಬ್ಬರು ಪೌರರಿಂದ ಸಾಕ್ಷ್ಯ ಹೇಳಿಸಬೇಕಿತ್ತು. ಅರ್ಜಿಯ ಪ್ರಕಟಣೆಯಾಗಿ 90 ದಿನಗಳು ಕಳೆದ ಮೇಲೆಯೇ ವಿಚಾರಣೆ. ಕೊನೆಗೆ ಹಿಂದಿನ ಅರಸನ ನಿಷ್ಠೆಯನ್ನು ತ್ಯಜಿಸಿ ಹೊಸ ದೇಶಕ್ಕೆ ನಿಷ್ಠೆಯ ಪ್ರಮಾಣ. ವಿವಾಹಿತ ಸ್ತ್ರೀಯ ಪೌರತ್ವವು ಅಂದು ಪತಿಯದನ್ನೇ ಅನುಸರಿಸುತ್ತಿತ್ತು. ಕ್ರಿಸ್ತರಿಗೆ ಬಾಳನ್ನು ಅರ್ಪಿಸಿದ್ದ ಈ ಕನ್ಯಾಸ್ತ್ರೀಗಾದರೋ ಅರ್ಜಿಯು ತಮ್ಮ ಸ್ವಂತ ಹೆಸರಿನದೇ ಆಗಿತ್ತು.

ಇದರಲ್ಲಿ ನಾವು ಗಮನಿಸಬೇಕಾದುದೊಂದುಂಟು. ಮೊದಲೆರಡು ಪ್ರಜಾತ್ವಗಳು ಅವರಿಗೆ ತಾವಾಗಿ ಬಂದವು. ಮೂರನೆಯದನ್ನು 59ರ ವಯಸ್ಸಿನಲ್ಲಿ ಅವರು ತಾವೇ ಬೇಡಿ ಪಡೆದರು. ಇಟಲಿಯ ಮೇಲಣ ಮಮತೆ ಬತ್ತಿತೆಂದು ಇದರ ಅರ್ಥವಲ್ಲ; ಅವರ ದುಡಿಮೆ ಇಟಲಿಯ ಮಕ್ಕಳಿಗಾಗಿಯೇ ನಡೆದಿತ್ತು. ಯಾರ ನಡುವೆ ಸೇವೆಗೈದರೋ ಅವರೊಡನೆ ಕಾನೂನಿನ ಕಟ್ಟಿನಲ್ಲಿಯೂ ಒಂದಾದರು. ವಲಸಿಗರಿಗೆ ದಾರಿ ತೋರಿದವರು ತಾವೂ ಅದೇ ದಾರಿಯಲ್ಲಿ ನಡೆದರು.

ಆ ದಾರಿ ಅಂದು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನೂ ನಾವು ಮರೆಯಲಾಗದು. ಬಿಳಿಯರಿಗೂ ಆಫ್ರಿಕಾ ಮೂಲದವರಿಗೂ ಮಾತ್ರ ಅಲ್ಲಿನ ಕಾನೂನು ಸಹಜೀಕೃತ ಪೌರತ್ವವನ್ನು ಮೀಸಲಿಟ್ಟಿತ್ತು. 1923ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿನ ಸಿಖ್ಖರ ಮೊಕದ್ದಮೆಯಲ್ಲಿ ಭಾರತೀಯರಿಗೆ ಆ ಹಕ್ಕಿಲ್ಲವೆಂದು ತೀರ್ಪಿತ್ತಿತು. ಥಿಂದ್‌ರವರು ಮೊದಲನೆಯ ಮಹಾಯುದ್ಧದಲ್ಲಿ ಅದೇ ದೇಶದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದವರು. 1946ರ ಜುಲೈ 2ರ ಕಾಯಿದೆಯಿಂದ ಭಾರತೀಯರಿಗೆ ಆ ಬಾಗಿಲು ತೆರೆಯಿತು. ಸರಿಯಾಗಿ ಐದು ದಿನಗಳ ನಂತರ, ಜುಲೈ 7ರಂದು, ಜಗದ್ಗುರು 12ನೆಯ ಪಿಯೂಸರು ಮಾತೆ ಕಬ್ರೀನಿಯವರನ್ನು ಸಂತರೆಂದು ಘೋಷಿಸಿದರು. ಅಮೆರಿಕದ ಪೌರರಲ್ಲಿ ಸಂತ ಪದವಿಗೇರಿದ ಮೊದಲಿಗರು ಅಲ್ಲಿ ಹುಟ್ಟಿದವರಲ್ಲ, ಅರ್ಜಿ ಹಾಕಿ ಪೌರರಾದ ಒಬ್ಬ ವಲಸಿಗ ಸ್ತ್ರೀ.

ಅವರು 1917ರ ಡಿಸೆಂಬರ್ 22ರಂದು, ಕ್ರಿಸ್ತಜಯಂತಿಗೆ ಮೂರು ದಿನವಿರುವಾಗ, ಷಿಕಾಗೋದಲ್ಲಿ ತಾವೇ ಸ್ಥಾಪಿಸಿದ ಆಸ್ಪತ್ರೆಯಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. 1950ರಲ್ಲಿ ಧರ್ಮಸಭೆಯು ಅವರನ್ನು ವಲಸಿಗರ ಪಾಲಕಿಯೆಂದು ಸಾರಿತು.

ಪ್ರಿಯ ವಿಶ್ವಾಸಿಗಳೇ, ನಮ್ಮ ದೇಶದ 1955ರ ಪೌರತ್ವ ಕಾಯಿದೆಯೂ ಸಹಜೀಕೃತ ಪೌರತ್ವ ಬೇಡುವ ಪರದೇಶೀಯರಿಂದ ಬಹುಕಾಲದ ವಾಸವನ್ನೂ ಸನ್ನಡತೆಯನ್ನೂ ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆಯ ಸಾಕಷ್ಟು ಜ್ಞಾನವನ್ನೂ ಬಯಸುತ್ತದೆ. ನಮ್ಮ ಕನ್ನಡವೂ ಆ ಭಾಷೆಗಳಲ್ಲೊಂದು. ನೆರೆಯವರ ನುಡಿಯನ್ನು ಕಲಿತು, ಅವರೆದುರು ಸನ್ನಡತೆಯಿಂದ ಬಾಳುವುದನ್ನು ಕಾನೂನು ಹೊರಗಿನಿಂದ ಬಂದವರಲ್ಲಿ ಕೇಳುತ್ತದೆ. ಪ್ರಭುಕ್ರಿಸ್ತರು ಅದನ್ನು ನಮ್ಮೆಲ್ಲರಲ್ಲಿಯೂ ಕೇಳುತ್ತಾರೆ. ದೂರದ ನಾಡುಗಳಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳನ್ನು ಸಂತ ಕಬ್ರೀನಿಯವರ ಮಧ್ಯಸ್ಥಿಕೆಗೆ ಒಪ್ಪಿಸೋಣ. ಹೊರಗಿನಿಂದ ಬಂದು ನಮ್ಮ ದೇವಾಲಯದ ಹಿಂದಿನ ಸಾಲಿನಲ್ಲಿ ಸಂಕೋಚದಿಂದ ನಿಂತಿರುವವರನ್ನು ಹೆಸರು ಹಿಡಿದು ಕರೆದು ನಮ್ಮ ಪಕ್ಕದಲ್ಲಿ ಕುಳ್ಳಿರಿಸೋಣ.