ಪಲ್ಲಾಡಿಯೊ: ಬರೆದ ಮನೆ, ಕಟ್ಟಿದ ಮನೆ

ಮನೆ ಕಟ್ಟಿ ಮುಗಿದಾಗ ಓನರ್ ಕೈಯಲ್ಲಿ ಇರೋ ಡ್ರಾಯಿಂಗ್ ಸಾಮಾನ್ಯವಾಗಿ ಪಾಯ ತೆಗೆಯೋಕೆ ಮುಂಚೆ ಬರೆದದ್ದು. ಕೆಲಸ ನಡೆಯೋವಾಗ ಕಿಟಕಿ ಸ್ವಲ್ಪ ಸರಿದಿರುತ್ತೆ, ಪೈಪು ಬೇರೆ ಗೋಡೆಯೊಳಗೆ ಹೋಗಿರುತ್ತೆ. ಹಾಳೆ ಮಾತ್ರ ಹಾಗೇ ಇರುತ್ತೆ. ಕಟ್ಟಿದ್ದನ್ನು ಕಟ್ಟಿದ ಹಾಗೇ ಅಳೆದು ಬರೆದರೆ ಅದಕ್ಕೆ ನಾವು ಆಸ್-ಬಿಲ್ಟ್ ಡ್ರಾಯಿಂಗ್ ಅಂತೀವಿ. ಈ ಎರಡು ಹಾಳೆಗಳ ವ್ಯತ್ಯಾಸ ಇವತ್ತಿನದಲ್ಲ. ಇಟಲಿಯ ಆಂಡ್ರಿಯಾ ಪಲ್ಲಾಡಿಯೊ ಅವರ ಬದುಕಿನಲ್ಲೇ ಅದು ಚೆನ್ನಾಗಿ ಕಾಣುತ್ತೆ.

ಅವರು ಹುಟ್ಟಿದ್ದು 1508ರಲ್ಲಿ, ಪಡುವಾದಲ್ಲಿ. ದೊಡ್ಡ ಮನೆತನವೇನಲ್ಲ. 13ನೇ ವಯಸ್ಸಿಗೇ ಕಲ್ಲುಕುಟಿಗರೊಬ್ಬರ ಹತ್ತಿರ ಕೆಲಸ ಕಲಿಯೋಕೆ ಸೇರಿದರು. 1524ರಲ್ಲಿ ವಿಚೆಂಜಾ ಊರಿಗೆ ಬಂದರು. ಅಲ್ಲಿನ ಕವಿ, ವಿದ್ವಾಂಸ ಟ್ರಿಸ್ಸಿನೊ ಈ ಕೆಲಸಗಾರನ ಬುದ್ಧಿ ಗುರುತಿಸಿದರು. ಪಲ್ಲಾಡಿಯೊ ಅನ್ನೋ ಹೆಸರು ಕೊಟ್ಟಿದ್ದೂ ಅವರೇ, 1541ರಲ್ಲಿ ರೋಮ್‌ಗೆ ಕರೆದುಕೊಂಡು ಹೋಗಿದ್ದೂ ಅವರೇ. ರೋಮ್‌ನಲ್ಲಿ ಪಲ್ಲಾಡಿಯೊ ಹಾಳುಬಿದ್ದ ದೇವಾಲಯ, ಸ್ನಾನಗೃಹಗಳನ್ನು ಅಳೆದು ಅಳೆದು ಬರೆದುಕೊಂಡರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಕಾಲೇಜಿಗೇ ಹೋಗದೆ ಸರ್ವೇ ಕಲಿತರು.

ಈ ಅಳತೆಯ ಅಭ್ಯಾಸ ಅವರ ಮೊದಲ ದೊಡ್ಡ ಕೆಲಸದಲ್ಲೇ ಉಪಯೋಗಕ್ಕೆ ಬಂತು. ವಿಚೆಂಜಾದ ಹಳೇ ಪುರಭವನದ ಸುತ್ತಲಿನ ಮೊಗಸಾಲೆ 1496ರಲ್ಲಿ ಒಂದು ಕಡೆ ಕುಸಿದಿತ್ತು. 1549ರಲ್ಲಿ ಪಲ್ಲಾಡಿಯೊ ಅವರ ಡಿಸೈನ್ ಒಪ್ಪಿಗೆ ಆಯಿತು. ತೊಂದರೆ ಏನಂದ್ರೆ, ಹಳೇ ಕಟ್ಟಡದ ಅಂಕಣಗಳ ಅಗಲ ಒಂದೇ ಸಮ ಇರಲಿಲ್ಲ. ಅವರು ಕಮಾನುಗಳನ್ನೆಲ್ಲ ಒಂದೇ ಅಳತೆಗೆ ಇಟ್ಟು, ಅವುಗಳ ಎರಡು ಪಕ್ಕದ ಸಂದುಗಳನ್ನು ಮಾತ್ರ ಬೇಕಾದಷ್ಟು ಹಿಗ್ಗಿಸಿ ಕುಗ್ಗಿಸಿದರು. ಕೆಳಗೆ ನಿಂತು ನೋಡೋರಿಗೆ ಎಲ್ಲ ಸಮವಾಗೇ ಕಾಣುತ್ತೆ.

ಆಮೇಲೆ ಸಾಲುಸಾಲಾಗಿ ಮನೆಗಳು. ಅವುಗಳಲ್ಲಿ ಹೆಸರಾದದ್ದು ರೊಟೊಂಡಾ. ರೋಮ್‌ನಲ್ಲಿ ಪೋಪ್ ಆಸ್ಥಾನದ ಕೆಲಸ ಬಿಟ್ಟು ಊರಿಗೆ ವಾಪಸ್ ಬಂದ ಪಾವೊಲೊ ಅಲ್ಮೆರಿಕೊ ಅನ್ನೋ ಪಾದ್ರಿಗಾಗಿ ಕಟ್ಟಿದ್ದು. ಚೌಕಾಕಾರದ ಪ್ಲಾನ್, ನಾಲ್ಕೂ ದಿಕ್ಕಿಗೆ ಕಂಬದ ಮುಖಮಂಟಪ, ನಡುವೆ ದುಂಡನೆ ಹಾಲ್, ಮೇಲೊಂದು ಗುಮ್ಮಟ. 1570ರಲ್ಲಿ ಪಲ್ಲಾಡಿಯೊ ವೆನಿಸ್‌ನಲ್ಲಿ ವಾಸ್ತುಶಿಲ್ಪದ ನಾಲ್ಕು ಪುಸ್ತಕಗಳನ್ನು ಅಚ್ಚು ಹಾಕಿಸಿದಾಗ ಈ ಮನೆ ಹೊಚ್ಚ ಹೊಸದು, ಕೆಲಸ ಪೂರ್ತಿ ಮುಗಿದಿರಲಿಲ್ಲ. ಪುಸ್ತಕದಲ್ಲಿ ಪ್ಲಾನ್ ಇದೆ, ಕೋಣೆ ಕೋಣೆಗೂ ಅಳತೆ ಇದೆ. ನಡುವಿನ ಹಾಲ್ 30 ಅಡಿ. ಅದು ನಮ್ಮ ಅಡಿ ಅಲ್ಲ, ಸುಮಾರು 35 ಸೆಂ.ಮೀ. ಇರೋ ವಿಚೆಂಜಾ ಅಡಿ. ಯೂನಿಟ್ ನೋಡದೆ ಕಾಪಿ ಮಾಡಿದರೆ ಮನೆನೇ ಚಿಕ್ಕದಾಗುತ್ತೆ!

ಯೂನಿಟ್ ಸರಿಹೋದರೂ ಗುಮ್ಮಟ ಸರಿಹೋಗಲ್ಲ. ಪುಸ್ತಕದಲ್ಲಿರೋದು ಎತ್ತರದ ಗುಮ್ಮಟ. 1580ರಲ್ಲಿ ಪಲ್ಲಾಡಿಯೊ ತೀರಿಕೊಂಡ ಮೇಲೆ ವಿಂಚೆಂಜೊ ಸ್ಕಮೋಟ್ಸಿ ಮುಗಿಸಿದ್ದು ಅದಕ್ಕಿಂತ ತಗ್ಗಿನದು. ಬೇರೆ ಕೆಲವು ಮನೆಗಳು ಅರ್ಧಕ್ಕೇ ನಿಂತಿದ್ದರೂ ಪುಸ್ತಕದಲ್ಲಿ ಪೂರ್ತಿಯಾಗಿವೆ. ಇದು ಮೋಸ ಅಂತ ನಮಗೆ ಅನ್ನಿಸೋದಿಲ್ಲ. ಓದುಗರಿಗೆ ತಮ್ಮ ವಿಚಾರ ಕಲಿಸೋಕೆ ಬರೆದ ಚಿತ್ರ ಅದು, ರಿಪೇರಿಗೆ ಬರೋ ಮೇಸ್ತ್ರಿಗಲ್ಲ. ಆದರೂ ಬೇರೆಯವರ ಹಾಳು ಗೋಡೆಗಳನ್ನು ಅಷ್ಟು ಶ್ರದ್ಧೆಯಿಂದ ಅಳೆದವರು, ತಮ್ಮ ಮನೆಗಳನ್ನು ನಿಂತಿರೋ ಹಾಗೆ ಬರೆದು ಹೋಗಲಿಲ್ಲ.

ಆ ಕೆಲಸ ಬೇರೆಯವರು ಮಾಡಬೇಕಾಯಿತು. 1613-14ರಲ್ಲಿ ಇಂಗ್ಲೆಂಡಿನ ಇನಿಗೊ ಜೋನ್ಸ್ ಆ ಪುಸ್ತಕ ಹಿಡಿದುಕೊಂಡೇ ಕಟ್ಟಡಗಳನ್ನು ನೋಡಿ, ಅಂಚಿನಲ್ಲಿ ಟಿಪ್ಪಣಿ ಬರೆದರು. ಕೊನೆಗೆ ವಿಚೆಂಜಾದವರೇ ಆದ ಬೆರ್ಟೊಟ್ಟಿ ಸ್ಕಮೋಟ್ಸಿ ಒಂದೊಂದೇ ಕಟ್ಟಡ ಅಳೆದು, ಪುಸ್ತಕಕ್ಕೂ ಕಟ್ಟಡಕ್ಕೂ ಎಲ್ಲೆಲ್ಲಿ ತಾಳೆ ಆಗಲ್ಲ ಅಂತ ತೋರಿಸುತ್ತಾ 1776ರಿಂದ 1783ರೊಳಗೆ ನಾಲ್ಕು ಸಂಪುಟ ಹೊರತಂದರು. ಅಷ್ಟು ಹೊತ್ತಿಗೆ ಪಲ್ಲಾಡಿಯೊ ಹೋಗಿ ಸುಮಾರು 200 ವರ್ಷ.

ರೊಟೊಂಡಾ ಥರದ ಮನೆಯಾದರೆ ಅಳೆಯೋಕೆ ಯಾರಾದರೂ ಬಂದೇ ಬರ್ತಾರೆ. ನಾವು ನಾಳೆ ಕಟ್ಟೋ 30-40 ಸೈಟಿನ ಮನೆಗೆ ಯಾರೂ ಬರೋದಿಲ್ಲ. ಹಾಗಾಗಿ ಪ್ಲಾಸ್ಟರ್ ಮುಚ್ಚೋಕೆ ಮುಂಚೆ ನಾವೇ ಟೇಪ್ ಹಿಡಿಯಬೇಕು, ಬೀಗದ ಕೈ ಕೊಡೋ ದಿನ ಆ ಎರಡನೇ ಹಾಳೆಯನ್ನೂ ಕೊಡಬೇಕು.