ದೇಹದ ಕಾವಲನ್ನು ಅರಿತ ಸರ್ ಪೀಟರ್ ಮೆಡಾವರ್

ತುಂಗಭದ್ರೆಯ ಕಾಲುವೆ ನೀರುಣ್ಣುವ ನಮ್ಮ ಸಿಂಧನೂರು ಸೀಮೆಯಲ್ಲಿ ಸಸಿಮಡಿಯ ಭತ್ತದ ಪೈರನ್ನು ಕಿತ್ತು ಬೇರೆ ಗದ್ದೆಯಲ್ಲಿ ನಾಟಿ ಮಾಡಿದರೆ ಅದು ಕೆಲವೇ ದಿನಗಳಲ್ಲಿ ಬೇರೂರಿ ಹಸುರಾಗುತ್ತದೆ. ಒಬ್ಬನ ಚರ್ಮವನ್ನೋ ಹೃದಯವನ್ನೋ ಮತ್ತೊಬ್ಬನಿಗೆ ಜೋಡಿಸಿದರೆ ಮಾತ್ರ ದೇಹವು ಒಲ್ಲೆನೆನ್ನುತ್ತದೆ. ಈ ನಿರಾಕರಣೆಯ ಮರ್ಮವನ್ನು ಭೇದಿಸಿದ ಮಹನೀಯರೇ ಸರ್ ಪೀಟರ್ ಮೆಡಾವರ್.

ಇವರು 1915ರ ಫೆಬ್ರವರಿ 28ರಂದು ಬ್ರೆಜಿಲ್ ದೇಶದಲ್ಲಿ ಜನಿಸಿದರು. ತಂದೆ ಲೆಬನಾನ್ ಮೂಲದವರು, ತಾಯಿ ಆಂಗ್ಲ ಮಹಿಳೆ. ಆಕ್ಸ್‌ಫರ್ಡಿನಲ್ಲಿ ಪ್ರಾಣಿಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರ ಮನೆಯ ಸಮೀಪ ವಿಮಾನವೊಂದು ಬಿದ್ದು, ಅದರಲ್ಲಿದ್ದ ಯೋಧನು ಘೋರವಾಗಿ ಸುಟ್ಟುಹೋದನು. ಆ ದೃಶ್ಯವು ತರುಣ ವಿಜ್ಞಾನಿಯ ಬಾಳಿನ ದಿಕ್ಕನ್ನೇ ಬದಲಿಸಿತು.

ಗ್ಲಾಸ್ಗೋ ನಗರದಲ್ಲಿ ಥಾಮಸ್ ಗಿಬ್ಸನ್‌ರೊಡನೆ ಸುಟ್ಟಗಾಯದ ಮಹಿಳೆಯೊಬ್ಬಳಿಗೆ ಅವಳ ಸೋದರನ ಚರ್ಮವನ್ನು ಕಸಿಮಾಡಿ ಪರೀಕ್ಷಿಸಿದರು. ಮೊದಲ ಕಸಿ ನಾಶವಾಯಿತು. ಎರಡನೆಯದು ಇನ್ನೂ ಶೀಘ್ರವಾಗಿ ನಾಶವಾಯಿತು. ದೇಹವು ಪರಕೀಯವನ್ನು ಗುರುತಿಸಿ ನೆನಪಿನಲ್ಲಿಡುತ್ತದೆಂಬ ಸತ್ಯವನ್ನು 1943ರಲ್ಲಿ ಪ್ರಕಟಿಸಿದರು. ಹುಟ್ಟುವ ಮುನ್ನವೇ ಅನ್ಯ ಜೀವಕೋಶಗಳನ್ನು ಪಡೆದ ಇಲಿಗಳು ಮುಂದೆ ಅದೇ ಮೂಲದ ಚರ್ಮವನ್ನು ಸಹಿಸುವುವೆಂದು ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್‌ರೊಡನೆ 1953ರಲ್ಲಿ ತೋರಿಸಿಕೊಟ್ಟರು. 1960ರಲ್ಲಿ ಬರ್ನೆಟ್‌ರೊಡನೆ ನೊಬೆಲ್ ಪಾರಿತೋಷಕ ಲಭಿಸಿತು.

1967ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಬರ್ನಾರ್ಡರು, 1968ರ ಫೆಬ್ರವರಿಯಲ್ಲಿ ಮುಂಬಯಿಯ ಪಿ. ಕೆ. ಸೇನರು ಹೃದಯವನ್ನು ಕಸಿಮಾಡಿದರು. ಬರ್ನಾರ್ಡರ ಮೊದಲ ರೋಗಿ ಹದಿನೆಂಟು ದಿನ ಬದುಕಿ ನ್ಯುಮೋನಿಯಾದಿಂದ ತೀರಿಕೊಂಡನು; ನಿರಾಕರಣೆಯನ್ನು ತಡೆಯಲು ದೇಹದ ಕಾವಲನ್ನು ತಗ್ಗಿಸಿದುದರಿಂದ ಸೋಂಕು ಒಳನುಗ್ಗಿತ್ತು. ಈ ಕಾವಲಿನ ಕ್ರಮವು ಇಂದು ತಿಳಿದಿದೆ. ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು ಪರಕೀಯ ಹೃದಯವನ್ನು ಗುರುತಿಸಿ, ಸೈಟೊಕೈನ್ ಎಂಬ ಸಂದೇಶವಾಹಕ ಅಣುಗಳನ್ನು ಸ್ರವಿಸುತ್ತವೆ. ಅವುಗಳಲ್ಲಿ ಇಂಟರ್‌ಲ್ಯೂಕಿನ್-2 ಟಿ-ಕೋಶಗಳ ಪಡೆಯನ್ನು ಬೆಳೆಸುತ್ತದೆ. ಇಂಟರ್‌ಫೆರಾನ್-ಗಾಮಾ ಭಕ್ಷಕಕೋಶಗಳನ್ನು ಕೆರಳಿಸುತ್ತದೆ. ಹೃದಯದ ಸ್ನಾಯು ಉರಿಯೂತದಿಂದ ಬಳಲಿ ಶಕ್ತಿಗುಂದುತ್ತದೆ. 1980ರ ದಶಕದಲ್ಲಿ ಬಳಕೆಗೆ ಬಂದ ಸೈಕ್ಲೊಸ್ಪೋರಿನ್ ಔಷಧವು ಇಂಟರ್‌ಲ್ಯೂಕಿನ್-2ರ ಉತ್ಪತ್ತಿಯನ್ನೇ ತಡೆದು, ಹೃದಯ ಕಸಿಗೆ ಹೊಸ ಬಾಳನ್ನಿತ್ತಿತು.

1969ರಲ್ಲಿ ಮೆಡಾವರರಿಗೆ ಪಾರ್ಶ್ವವಾಯು ಬಡಿಯಿತು. ಆದರೂ ಸಂಶೋಧನೆಯನ್ನು ತೊರೆಯದೆ, ಎಳೆಯ ವಿಜ್ಞಾನಿಗಳಿಗಾಗಿ ಹಿತೋಪದೇಶದ ಗ್ರಂಥವನ್ನೂ ರಚಿಸಿದರು. 1987ರ ಅಕ್ಟೋಬರ್ 2ರಂದು ಕಾಲವಶರಾದರು.

ವಿದ್ಯಾರ್ಥಿಗಳು ಮನನ ಮಾಡಬೇಕಾದುದಿಷ್ಟು: ಕಾಯುವ ಶಕ್ತಿಯೇ ಕೊಲ್ಲಲೂಬಲ್ಲದು; ಅದನ್ನು ಪೂರ್ಣವಾಗಿ ಅಡಗಿಸಿದರೂ ಕೇಡು, ಸಡಿಲಬಿಟ್ಟರೂ ಕೇಡು. ಆ ನಡುದಾರಿಯನ್ನು ಹುಡುಕಲು ಲೋಕಕ್ಕೆ ಬೆಳಕಾದುದು, ಸುಟ್ಟ ಯೋಧನೊಬ್ಬನ ನೋವನ್ನು ತನ್ನದೆಂದು ಬಗೆದ ಹೃದಯ.